ಹಿಂದಿನ ಗಾಲಿ

ಶೋರೂಮಿಗೆ ಸೇರುವ ಮುಂಚೆ ನಾನು ಒಂಬತ್ತು ವರ್ಷ ಜೀಪು ಓಡಿಸಿದವನು. ಹುಟ್ಟಿದ್ದು ಕೊಕ್ಕರ್ಣೆಯ ಹತ್ತಿರವಾದರೂ ದುಡಿದದ್ದು ಬೈಂದೂರಿನಲ್ಲಿ. ಪೇಟೆಯಿಂದ ಘಟ್ಟದ ಬುಡದ ಹಳ್ಳಿಗಳಿಗೆ ಆಗ ಬಸ್ಸು ಕಡಿಮೆ. ಅಕ್ಕಿಮೂಟೆ, ಹಿಂಡಿ ಚೀಲ, ಮದುವೆಯ ದಿಬ್ಬಣ, ಹೆರಿಗೆ ನೋವು ಬಂದ ಹೆಂಗಸು, ಎಲ್ಲವೂ ಅದೇ ಜೀಪಿನಲ್ಲಿ. ಸೇತುವೆ ಇಲ್ಲದ ಕಡೆ ಹೊಳೆಗೇ ಇಳಿಸಬೇಕು. ಇಳಿಸುವ ಮುಂಚೆ ದೊಡ್ಡ ಗೇರಿನ ಪಕ್ಕದ ಸಣ್ಣ ಗೇರನ್ನು ಎಳೆದರೆ ನಾಲ್ಕೂ ಗಾಲಿಗಳು ದುಡಿಯುತ್ತವೆ. ಮುಂದಿನದು ಮರಳಿನಲ್ಲಿ ಹೂತುಕೊಂಡರೆ ಹಿಂದಿನದು ನೂಕುತ್ತದೆ. ಇದನ್ನು ನಾನು ಎಲ್ಲೂ ಓದಿ ಕಲಿಯಲಿಲ್ಲ. ಸೀಟಿನಲ್ಲಿ ಕೂತು, ಸೊಂಟದ ಕೆಳಗೆ ಗಾಡಿ ಹೇಗೆ ಅಲುಗುತ್ತದೆ ಎಂಬುದರಿಂದಲೇ ಕಲಿತೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಡೆದದ್ದು ಗೊತ್ತಿಲ್ಲದವನ ತಪ್ಪಲ್ಲ.

ರಸ್ತೆ ಡಾಮರಾಗಿ, ರಿಕ್ಷಾ ಬಸ್ಸುಗಳು ಹೆಚ್ಚಾದ ಮೇಲೆ ಜೀಪಿಗೆ ಬಾಡಿಗೆ ಇಲ್ಲವಾಯಿತು. ಮದುವೆಯಾಗಿ ತೆಕ್ಕಟ್ಟೆಯಲ್ಲಿ ಮನೆ ಮಾಡಿದ್ದೆ. ಅಲ್ಲಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊಸತಾಗಿ ತೆರೆದ ಕಾರಿನ ಶೋರೂಮಿಗೆ ಸೇರಿದೆ. ಮೊದಲು ಗಾಡಿಗಳನ್ನು ಆಚೀಚೆ ನಿಲ್ಲಿಸುವ ಡ್ರೈವರ್ ಕೆಲಸ. ಗಿರಾಕಿಗಳೊಡನೆ ಮಾತಾಡುವುದನ್ನು ಕಂಡು ಮ್ಯಾನೇಜರು ಎರಡೇ ವರ್ಷದಲ್ಲಿ ನನ್ನನ್ನು ಮಾರಾಟಕ್ಕೆ ಹಾಕಿದರು.

ನಮ್ಮ ಕಂಪನಿ ಬಹಳ ಹಿಂದೆ ಸೈನ್ಯಕ್ಕೆ ಗಾಡಿ ಮಾಡಿಕೊಟ್ಟಿತ್ತಂತೆ. ಶೋರೂಮಿನ ಗೋಡೆಯ ಮೇಲೆ ಅದರದೊಂದು ದೊಡ್ಡ ಕಪ್ಪು ಬಿಳುಪು ಚಿತ್ರ. ಮೈಯೆಲ್ಲ ಕೆಸರಾದ ಗಾಡಿಯೊಂದು ನೀರನ್ನು ಸೀಳಿಕೊಂಡು ಬರುತ್ತಿದೆ, ಒಳಗೆ ನಾಲ್ಕು ಮಂದಿ ಸೈನಿಕರು. ಈಗಿನ ಸಣ್ಣ ಎಸ್‌ಯುವಿಗಳನ್ನು ಮಾರುವಾಗ ಆ ಚಿತ್ರದ ಕೆಳಗೇ ನಿಲ್ಲಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಮೊದಲು ಕಂಪನಿಯ ಹಿರಿಯರ ಕಥೆ, ಆಮೇಲೆ ಗಾಡಿ.

ಆ ಗಾಡಿಗಳು ನೋಡಲು ಗಟ್ಟಿ. ಎತ್ತರದ ಬಾನೆಟ್ಟು, ಗಾಲಿಯ ಸುತ್ತ ಕಪ್ಪು ಪ್ಲಾಸ್ಟಿಕ್ಕು, ತಲೆಯ ಮೇಲೆ ಸಾಮಾನು ಕಟ್ಟುವ ಕಂಬಿ, ಮುಂದಿನ ಬಂಪರಿನ ಅಡಿಯಲ್ಲಿ ಉಕ್ಕಿನಂತೆ ಹೊಳೆಯುವ ತಗಡು. ಅದು ತಗಡಲ್ಲ, ಅದೂ ಪ್ಲಾಸ್ಟಿಕ್ಕೇ. ಎಳೆಯುವುದು ಮುಂದಿನ ಎರಡು ಗಾಲಿಗಳು ಮಾತ್ರ, ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ. ನಾಲ್ಕೂ ಗಾಲಿ ಎಳೆಯುವ ಬಗೆಯೂ ಇತ್ತು, ಬುಕ್ ಮಾಡಿ ತಿಂಗಳುಗಟ್ಟಲೆ ಕಾಯಬೇಕು. ನಮ್ಮದಷ್ಟೇ ಅಲ್ಲ, ಹೆದ್ದಾರಿಯ ಉಳಿದ ಶೋರೂಮುಗಳಲ್ಲಿ ನಿಂತವೂ ಹೆಚ್ಚುಕಡಿಮೆ ಹಾಗೆಯೇ. ಇದರಲ್ಲಿ ಕಂಪನಿಯವರ ಮೋಸವೇನೂ ಇರಲಿಲ್ಲ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಹರಿಯುವ ನೀರಿಗೆ ಇಳಿಸಬೇಡಿ ಎಂದು ಬರೆದೇ ಇತ್ತು. ಆ ಪುಸ್ತಕವನ್ನು ಯಾರೂ ಓದುತ್ತಿರಲಿಲ್ಲ. ಜನ ನನ್ನ ಮಾತು ಕೇಳುತ್ತಿದ್ದರು.

ನಾನು ಹೇಳಹೊರಟ ಗಿರಾಕಿ ಬಂದದ್ದು ಬೇಸಿಗೆಯ ಕೊನೆಯ ಒಂದು ಬೆಳಿಗ್ಗೆ, ಹೆಂಡತಿಯ ಜೊತೆ. ಅರವತ್ತು ದಾಟಿದವರು. ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಸುರುಮಾಡಿ ಸ್ವಂತ ಹೋಟೆಲು ಮಾಡಿದವರು. ಅದನ್ನೀಗ ಮಗನಿಗೆ ಒಪ್ಪಿಸಿ, ಬೈಂದೂರು ಪೇಟೆಯ ಹೊರಗೆ ಹೊಸ ಮನೆ ಕಟ್ಟಿಸಿಕೊಂಡು ಇಬ್ಬರೇ ಬಂದಿದ್ದರು. ಕೈಯಲ್ಲಿ ಶಾಲೆಯ ಮಕ್ಕಳ ಉದ್ದ ನೋಟುಬುಕ್ಕು. ಅದರಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದರು. ಎರಡು ಆಗಲೇ ತುಂಬಿದ್ದವು.

ಮೊದಲನೆಯದು ಸಣ್ಣ ಕುಟುಂಬದ ಕಾರಿಗೆ ಹೆಸರಾದ ಕಂಪನಿಯ ಗಾಡಿ. ಮೈಲೇಜು ಒಳ್ಳೆಯದು, ರಿಪೇರಿ ಎಲ್ಲೆಡೆ ಆಗುತ್ತದೆ, ಹತ್ತಿ ಇಳಿಯಲು ಸುಲಭ. ಎರಡನೆಯದು ಹಿಮದ ದೇಶದಿಂದ ಬಂದ ಕಂಪನಿಯದು. ಬೆಟ್ಟದ ರೇಸುಗಳಲ್ಲಿ ಗೆದ್ದದ್ದೆಂದು ಅವರ ಶೋರೂಮಿನಲ್ಲಿ ವಿಡಿಯೋ ತೋರಿಸಿದ್ದರಂತೆ. ಅದನ್ನೂ ಬರೆದುಕೊಂಡಿದ್ದರು. ಎರಡರ ಕೆಳಗೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಮೂರನೆಯ ಕಾಲಮ್ಮಿನ ತಲೆಯಲ್ಲಿ ನಮ್ಮ ಗಾಡಿಯ ಹೆಸರು ಬರೆದು ಕೆಳಗೆ ಖಾಲಿ ಬಿಟ್ಟಿದ್ದರು.

ಹೆಂಡತಿಗೆ ಮೊದಲನೆಯದೇ ಹಿಡಿಸಿತ್ತು. ಅವರಿಗೆ ಮಂಡಿನೋವು. ನಮ್ಮ ಗಾಡಿಯನ್ನು ಹತ್ತಲು ಬಾಗಿಲ ಮೇಲಿನ ಹಿಡಿಯನ್ನು ಹಿಡಿದು ಜಗ್ಗಬೇಕಾಯಿತು. ಅವರು ಒಳಗೆ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಗಂಡ ಚಿತ್ರದ ಕೆಳಗೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದು ತಾನು ಹತ್ತು ವರ್ಷದವನಿದ್ದಾಗಿನ ಸಂಗತಿ ಹೇಳಿದರು. ಬೈಂದೂರಿನ ಒಳಗೆ ಹೊಳೆಯಾಚೆ ಅವರದೊಂದು ಒಕ್ಕಲು ಮನೆ. ಅವರ ತಾಯಿಗೆ ಗದ್ದೆಯಂಚಿನಲ್ಲಿ ಹಾವು ಕಚ್ಚಿತು. ಕಂಬಳಿಯಲ್ಲಿ ಹೊತ್ತು ಹೊಳೆಯ ಬದಿಗೆ ತಂದರು. ನೀರು ಏರಿದೆ, ದೋಣಿಯಿಲ್ಲ. ಈಚೆ ದಡದಲ್ಲಿ ಮರದ ವ್ಯಾಪಾರಿಯೊಬ್ಬರ ಜೀಪು ನಿಂತಿತ್ತು. ಅದರ ಡ್ರೈವರು ಯಾರನ್ನೂ ಕೇಳದೆ ಜೀಪನ್ನು ನೀರಿಗಿಳಿಸಿ ಆಚೆ ಬಂದು, ತಾಯಿಯನ್ನು ಹತ್ತಿಸಿಕೊಂಡು ಮತ್ತೆ ದಾಟಿದ. ಆ ತಾಯಿ ಆಮೇಲೆ ಮೂವತ್ತು ವರ್ಷ ಬದುಕಿದರು. ಡ್ರೈವರನ ಹೆಸರು ಕೇಳಿಕೊಳ್ಳಲಿಲ್ಲ ಎಂಬುದು ಅವರನ್ನು ಇನ್ನೂ ಕೊರೆಯುತ್ತಿತ್ತು. ಮನೆ ಈಗ ಇಲ್ಲ, ನಾಗಬನ ಮಾತ್ರ ಆಚೆ ದಡದಲ್ಲೇ ಇದೆ. ಸೇತುವೆಯ ಮೇಲಿಂದ ಬಳಸಿಕೊಂಡು ಹೋಗುವ ದಾರಿಯೂ ಇದೆ. ಆದರೆ ಒಮ್ಮೆಯಾದರೂ ಆ ಜೀಪು ದಾಟಿದ ಜಾಗದಲ್ಲೇ ತಾನು ದಾಟಬೇಕು ಎಂದರು.

"ನಂಗ್ ಒಂದೇ ಪ್ರಶ್ನೆ ಕೇಂಬುಕಿತ್ತ್. ಇದ್ ಹೊಳಿ ದಾಂಟತ್ತಾ?"

ಅದು ತಿಂಗಳ ಕೊನೆಯ ವಾರ. ಸೈನ್ಯದ ಹಸಿರು ಬಣ್ಣದ ಗಾಡಿಯೊಂದು ಬಹಳ ದಿನದಿಂದ ಮಾರಾಟವಾಗದೆ ನಿಂತಿತ್ತು. ಆ ಬಣ್ಣವನ್ನು ನಮ್ಮ ಕಡೆ ಯಾರೂ ಕೇಳುತ್ತಿರಲಿಲ್ಲ. ಅದನ್ನು ದಾಟಿಸಿಬಿಡಿ ಎಂದು ಮ್ಯಾನೇಜರು ಬೆಳಿಗ್ಗೆಯಷ್ಟೇ ಹೇಳಿದ್ದರು. ಆದರೆ ನಾನು ಉತ್ತರ ಕೊಟ್ಟದ್ದು ಅದಕ್ಕಾಗಿ ಮಾತ್ರ ಎಂದರೆ ಸುಳ್ಳಾದೀತು. ಅವರ ಮುಖದಲ್ಲಿ ಏನು ಉತ್ತರ ಬೇಕೆಂಬುದು ಬರೆದಿತ್ತು. ಅದನ್ನು ಕೊಡುವುದು ನನಗೆ ಅಭ್ಯಾಸವಾಗಿತ್ತು, ಖುಷಿಯೂ ಆಗಿತ್ತು.

"ದಾಂಟತ್ತ್," ಅಂದೆ. "ಇದ್ರ ಅಜ್ಜ ಯುದ್ಧಕ್ ಹೋದ್ದ್. ನಾ ಒಂಬತ್ ವರ್ಷ ಜೀಪ್ ಬಿಟ್ಟವ, ನಂಗ್ ಗೊತ್ತಿಲ್ದಾ?"

ಅವರು ನಕ್ಕರು. ಪೆನ್ನು ತೆಗೆದು ನಿಂತಲ್ಲೇ ನೋಟುಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಟೆಸ್ಟ್ ಡ್ರೈವಿಗೆ ನಾವು ಮಾರಾಟದವರು ಒಂದು ಜಾಗ ಇಟ್ಟುಕೊಂಡಿದ್ದೆವು. ಕಲ್ಲು ತೆಗೆಯುವ ಕೆಲಸ ನಿಂತ ಒಂದು ಕೆಂಪುಕಲ್ಲಿನ ಕೋರೆ. ದಾರಿ ನೋಡಿದರೆ ಎದೆ ನಡುಗಬೇಕು, ಹಾಗಿದೆ. ಆದರೆ ಗಟ್ಟಿ ನೆಲ, ಒಣ ಕಲ್ಲು. ಯಾವ ಕಾರು ಬೇಕಾದರೂ ಹತ್ತುತ್ತದೆ. ಅಲ್ಲಿ ಅವರನ್ನೇ ಓಡಿಸಲು ಬಿಟ್ಟೆ. ಗಾಡಿ ಕುಲುಕುತ್ತ ಏರು ಹತ್ತಿ ಮೇಲೆ ನಿಂತಾಗ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತರು. ಕಣ್ಣು ಒದ್ದೆಯಾಗಿತ್ತು.

ಗಾಡಿ ಕೊಡುವ ದಿನ ತೆಂಗಿನಕಾಯಿ ಒಡೆದು, ಗಾಲಿಯಡಿಗೆ ನಿಂಬೆಹಣ್ಣಿಟ್ಟು, ರಟ್ಟಿನ ದೊಡ್ಡ ಕೀಲಿಕೈ ಹಿಡಿಸಿ ಫೋಟೋ ತೆಗೆದೆವು. ಅವರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡರು. ಆ ಫೋಟೋವನ್ನೂ ಉಳಿದವರ ಫೋಟೋಗಳ ಜೊತೆ ಗೋಡೆಗೆ ಅಂಟಿಸಿದೆವು.

ಆಮೇಲೆ ಅವರು ಎರಡು ಮೂರು ಸಲ ಸರ್ವಿಸಿಗೆ ಬಂದರು. ಒಮ್ಮೆ ಹಲಸಿನ ಹಪ್ಪಳದ ಕಟ್ಟು ತಂದುಕೊಟ್ಟರು. ಗೇಟಿನಲ್ಲೇ ನಿಲ್ಲಿಸಿ, ಹ್ವಾಯ್, ನಿಮ್ಮ ಯುದ್ಧದ ಗಾಡಿ ಬಂತ್ ಕಾಣಿ ಎಂದು ಕರೆಯುತ್ತಿದ್ದರು. ಪ್ರತಿ ಸಲವೂ ಮಳೆಗಾಲ ಕಳೆದು ಹೊಳೆಯ ನೀರು ಇಳಿಯಲಿ ಎನ್ನುತ್ತಿದ್ದರು. ಆಗಲೂ ನನಗೆ ಹೇಳಲು ಸಮಯವಿತ್ತು. ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಕೂತಾಗ, ಸೇತುವೆ ಮೇಲಿಂದಲೇ ಹೋಗಿ ಎಂದು ಒಂದು ಮಾತು ಸಾಕಿತ್ತು. ಆದರೆ ಅವರು ನಿಜವಾಗಿ ಇಳಿಸುತ್ತಾರೆಂದು ನಾನು ನಂಬಿರಲಿಲ್ಲ. ಗಿರಾಕಿಗಳು ಹೊಳೆ ಬೆಟ್ಟ ಎಂದೆಲ್ಲ ಕೇಳುತ್ತಾರೆ, ಆಮೇಲೆ ಮದುವೆಗೆ, ಮಾಲ್‌ಗೆ ಓಡಿಸುತ್ತಾರೆ. ನಾನು ಕಂಡದ್ದು ಅಷ್ಟೇ.

ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಸಾಲಿಗ್ರಾಮದ ಕಡೆಯ ಗಂಡ ಹೆಂಡತಿ, ಇಬ್ಬರೂ ಟೀಚರುಗಳು, ಗಾಡಿ ನೋಡಲು ಬಂದಿದ್ದರು. ನಾನು ಚಿತ್ರದ ಕೆಳಗೆ ನಿಂತು ಸೈನಿಕರ ಕಥೆ ಹೇಳುತ್ತಿದ್ದೆ. ಹೊರಗೆ ಹೆದ್ದಾರಿಯಿಂದ ಕೆಟ್ಟ ಗಾಡಿಗಳನ್ನು ಹೊತ್ತು ತರುವ ಲಾರಿಯೊಂದು ತಿರುಗಿ ನಮ್ಮ ಅಂಗಳಕ್ಕೆ ಬಂತು. ಅದರ ಮೇಲೆ ಹಸಿರು ಗಾಡಿ. ಕಿಟಕಿಯ ಮೇಲಿನವರೆಗೂ ಕೆಸರು, ತಲೆಯ ಕಂಬಿಗೆ ಬಿದಿರಿನ ಎಲೆ, ಕಸಕಡ್ಡಿ ಸುತ್ತಿಕೊಂಡಿತ್ತು. ಒಂದು ಪಕ್ಕದ ಗಾಜು ಒಡೆದಿತ್ತು. ಸರ್ವಿಸಿನ ಹಿರಿಯ ಮೆಕ್ಯಾನಿಕ್ ಲಾರಿಯವನ ಹತ್ತಿರ ಏನೋ ಕೇಳಿ, ಗಾಜಿನ ಗೋಡೆಯಾಚೆಯಿಂದ ನನ್ನತ್ತ ತಿರುಗಿದರು. ಕೈಯನ್ನು ಎದೆಯ ಹತ್ತಿರ ತಂದು, ಇಲ್ಲ ಎಂಬಂತೆ ಮೆಲ್ಲ ಆಡಿಸಿದರು.

ನನಗೆ ಅರ್ಥವಾಯಿತು. ಆದರೂ ನಾನು ಮಾತು ನಿಲ್ಲಿಸಲಿಲ್ಲ.

ಇದನ್ನು ಬರೆಯುವುದು ಕಷ್ಟ. ನನ್ನ ಬಾಯಿ ಸೈನ್ಯ, ಕೆಸರು, ನದಿ ಎಂದು ಹೇಳುತ್ತಲೇ ಹೋಯಿತು. ಎಲ್ಲಿ ನಗಬೇಕೋ ಅಲ್ಲಿ ನಕ್ಕೆ. ಟೀಚರಮ್ಮ ಹಿಂದಿನ ಸೀಟು ನೋಡಬೇಕೆಂದಾಗ ಬಾಗಿಲು ತೆಗೆದು ಹಿಡಿದೆ. ಅವರು ಅಂದೇ ಬುಕ್ ಮಾಡಿ ಹೋದರು. ಅವರನ್ನು ಗೇಟಿನವರೆಗೆ ಕಳಿಸಿ, ಆಮೇಲೆ ನಾನು ಹಿಂದಿನ ಅಂಗಳಕ್ಕೆ ನಡೆದೆ.

ಮೆಕ್ಯಾನಿಕ್ ತನಗೆ ತಿಳಿದಷ್ಟನ್ನು ಹೇಳಿದರು. ಹಿಂದಿನ ದಿನ ಮಧ್ಯಾಹ್ನ ಗಂಡ ಹೆಂಡತಿ ನಾಗಬನಕ್ಕೆ ಹಾಲು ಹಾಕಲು ಹೊರಟಿದ್ದರು. ಹೊಳೆಯಲ್ಲಿ ಮಂಡಿಯಷ್ಟೇ ನೀರು. ನಡುವಿಗೆ ಹೋದಾಗ ಮುಂದಿನ ಗಾಲಿ ಮರಳಿನಲ್ಲಿ ಹೂತಿತು. ದಡದಲ್ಲಿದ್ದ ಒಬ್ಬರು ನೀರಿಗಿಳಿದು ಹೆಂಡತಿಯನ್ನು ಕೈಹಿಡಿದು ದಡಕ್ಕೆ ತಂದರು. ಗಂಡ ಇಳಿಯಲಿಲ್ಲ. ಘಟ್ಟದ ಮೇಲೆ ಮಳೆ ಬಂದಿರಬೇಕು, ಕೆಂಪು ನೀರು ಒಮ್ಮೆಲೇ ಏರಿತು. ಗಾಡಿ ಅಡ್ಡ ತಿರುಗಿ ಕೆಳಗಿನ ಗುಂಡಿಗೆ ಹೋಯಿತು. ಅವರ ದೇಹ ಸಿಕ್ಕಿದ್ದು ಗಾಡಿಯ ಒಳಗೇ.

ವಿಮೆಯವರು ಬಂದು ನೋಡುವವರೆಗೆ ಗಾಡಿ ನಮ್ಮ ಅಂಗಳದಲ್ಲೇ ನಿಲ್ಲಬೇಕಾಯಿತು. ಅದು ನನ್ನ ಮೇಜಿನ ನೇರಕ್ಕೆ, ಹಿಂದಿನ ಕಿಟಕಿಯ ಹೊರಗೆ. ಮೊದಲ ವಾರ ಹೊಳೆಯ ವಾಸನೆ ಬರುತ್ತಿತ್ತು. ಕೆಸರು ಒಣಗಿದ ಮೇಲೆ ವಾಸನೆ ಹೋಯಿತೆಂದು ಉಳಿದವರು ಹೇಳಿದರು. ನನಗೆ ಹೋಗಲಿಲ್ಲ. ಊಟದ ಡಬ್ಬಿ ತೆಗೆದರೂ ಅದೇ.

ಒಂದು ದಿನ ಮೆಕ್ಯಾನಿಕ್ ಬಾಗಿಲ ಲಾಕು ತೆಗೆಯಲು ಬೇರೆ ಬ್ಯಾಟರಿಯ ವಯರು ಕೊಟ್ಟರು. ಕೊಟ್ಟದ್ದೇ ತಡ, ವೈಪರುಗಳು ತಾವಾಗಿ ಆಡತೊಡಗಿದವು. ನೀರು ಹೊಕ್ಕ ವಯರಿಂಗಿನಲ್ಲಿ ಹಾಗಾಗುವುದುಂಟು, ಅದು ನನಗೂ ಗೊತ್ತು. ಸುಡುವ ಮಧ್ಯಾಹ್ನ, ಗಾಜಿನ ಮೇಲೆ ಒಣಗಿದ ಕೆಸರು. ಅದನ್ನು ಕೆರೆಯುತ್ತ ವೈಪರು ಆಚೀಚೆ ಹೋಗುತ್ತಿತ್ತು, ಒಳಗಿನಿಂದ ಯಾರೋ ಹೊರಗೆ ನೋಡಲು ಒದ್ದಾಡುವ ಹಾಗೆ. ಮೆಕ್ಯಾನಿಕ್ ವಯರು ಕೀಳುವಷ್ಟರಲ್ಲಿ ಕೆಸರಿನ ನಡುವೆ ಎರಡು ಅರ್ಧಚಂದ್ರದಷ್ಟು ಗಾಜು ಸ್ವಚ್ಛವಾಗಿತ್ತು. ಒಳಗಿನ ಸೀಟು ಕಾಣುತ್ತಿತ್ತು. ನಾನು ಆಮೇಲೆ ಆ ಕಿಟಕಿಯ ಕಡೆಗೆ ಬೆನ್ನು ಹಾಕಿ ಕೂರತೊಡಗಿದೆ. ಬೆನ್ನಿಗೆ ಯಾರೋ ನೋಡುತ್ತಿದ್ದಾರೆಂದು ಅನಿಸತೊಡಗಿತು.

ಮುಂದೆ ನೋಡಿದರೆ ಗೋಡೆಯ ಫೋಟೋ. ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ತೆಗೆಯುವ ಧೈರ್ಯವಿರಲಿಲ್ಲ. ಫೋಟೋದಲ್ಲಿ ನನ್ನ ಹೆಗಲ ಮೇಲಿನ ಅವರ ಕೈ ಕಂಡಾಗಲೆಲ್ಲ ಎಡಹೆಗಲು ಭಾರವಾಗುತ್ತಿತ್ತು. ಮನೆಯಲ್ಲಿ ಅಂಗಿ ತೆಗೆದು ಕನ್ನಡಿಯಲ್ಲಿ ನೋಡಿಕೊಂಡದ್ದೂ ಇದೆ.

ಗಾಡಿಯೊಳಗಿನ ಸಾಮಾನು ಖಾಲಿ ಮಾಡಿದ ದಿನ ಮೆಕ್ಯಾನಿಕ್ ನನ್ನನ್ನು ಕರೆದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ನಮ್ಮ ಕಂಪನಿಯ ಪುಸ್ತಕವಿತ್ತು, ಪ್ಲಾಸ್ಟಿಕ್ಕಿನ ಕವರು ಕೂಡ ಹರಿದಿರಲಿಲ್ಲ. ಅದರಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಒಳಗೆ ಆ ಉದ್ದ ನೋಟುಬುಕ್ಕು. ಅಂಚು ಒದ್ದೆಯಾಗಿ ಉಬ್ಬಿತ್ತು. ಬಾಲ್ ಪೆನ್ನಿನ ಅಕ್ಷರ ಹೋಗಿರಲಿಲ್ಲ. ಮನೆಯವರಿಗೆ ನೀವೇ ಮುಟ್ಟಿಸಿ, ನಿಮ್ಮ ಗಿರಾಕಿಯಲ್ಲವಾ ಎಂದರು.

ನಾನು ಮೇಜಿನಲ್ಲಿಟ್ಟು ತೆರೆದು ನೋಡಿದೆ. ಮೂರನೆಯ ಕಾಲಮ್ಮಿನಲ್ಲಿ ನಮ್ಮ ಗಾಡಿಯ ಹೆಸರಿನ ಕೆಳಗೆ ಎರಡೇ ಸಾಲು. "ಅಜ್ಜ ಯುದ್ಧಕ್ಕೆ ಹೋದದ್ದು. ಹೊಳೆ ದಾಟುತ್ತದೆ, ಜೀಪು ಓಡಿಸಿದವರೇ ಹೇಳಿದ್ದು." ಪ್ರಶ್ನಾರ್ಥಕ ಇರಲಿಲ್ಲ. ಕೆಳಗೆ ಎರಡು ಗೆರೆ ಎಳೆದಿದ್ದರು.

ಅದನ್ನು ಮೂರು ವಾರ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಮಾರಾಟದ ಮಾತು ಬಾಯಿಂದ ಬರುವುದು ನಿಂತಿತು. ಗಿರಾಕಿಯನ್ನು ಚಿತ್ರದ ಕೆಳಗೆ ಕರೆದುಕೊಂಡು ಹೋದರೆ, ಚಿತ್ರದ ನಾಲ್ವರು ಸೈನಿಕರ ನಡುವೆ ಐದನೆಯ ಮುಖವೊಂದು ಇದೆಯೋ ಎಂದು ಎಣಿಸುವ ಹಾಗಾಯಿತು. ಇಲ್ಲವೆಂದು ಗೊತ್ತು. ಆದರೂ ಎಣಿಸುತ್ತಿದ್ದೆ. ಕೊನೆಗೆ ಒಂದು ಆದಿತ್ಯವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಮೀನಿನ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಎದುರಿಗೆ ಕೂತಳು.

"ಹೋಯಿ ಹೇಳಿ ಬನ್ನಿ," ಅಂದಳು. "ನೀವ್ ಹೇಳ್ದೆ ಇದ್ರೆ ಸತ್ತವ್ರ್ ಈ ಮನಿಯಗೇ ಇಪ್ಪುಕ್ ಸುರು ಮಾಡ್ತ್ರ್. ಆಗ್ಲೇ ಬಂದ್ ಆಯ್ತ್, ನಂಗ್ ಗೊತ್ತ್ ಆತ್ತ್."

ಮರುದಿನ ರಜೆ ಹಾಕಿ ಬಸ್ಸಿನಲ್ಲಿ ಬೈಂದೂರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದ ಅವರ ಹೆಂಡತಿಗೆ ನನ್ನ ಗುರುತು ಸಿಕ್ಕಿತು. ಒಳಗೆ ಕರೆದು ಕೂರಿಸಿ, ಬೇಡವೆಂದರೂ ಶರಬತ್ತು ಮಾಡಿ ತಂದರು. ಗೋಡೆಯ ಬದಿಯ ಮೇಜಿನ ಮೇಲೆ ಗಂಡನ ಫೋಟೋ, ಮಾಲೆ. ನಾನು ನೋಟುಬುಕ್ಕನ್ನು ಅವರ ಕೈಗೆ ಕೊಟ್ಟೆ. ಪುಟ ತೆರೆಯದೆ ಮಡಿಲಲ್ಲಿಟ್ಟುಕೊಂಡು ಅಂಚನ್ನು ಬೆರಳಿನಿಂದ ನೀವುತ್ತ ಅವರು ಮಾತಾಡತೊಡಗಿದರು.

ಅಂದು ಹೊಳೆಯ ಬದಿಯಲ್ಲಿ ಅವರು ಎರಡು ಸಲ ಬೇಡವೆಂದಿದ್ದರಂತೆ. ಸೇತುವೆಯ ಮೇಲಿಂದ ಹೋಪ, ಹೊತ್ತು ಬೇಕಾದಷ್ಟಿದೆ ಎಂದರಂತೆ. ಮೂರನೆಯ ಸಲ ಹೇಳಬೇಕೆಂದು ಬಾಯಿ ತೆರೆದಾಗ ಗಂಡನ ಮುಖ ಸಣ್ಣ ಮಗುವಿನ ಮುಖದಂತೆ ಕಂಡಿತು, ಸುಮ್ಮನಾದರು. ಆ ಮೂರನೆಯ ಸಲ ಹೇಳಿದ್ದರೆ ಎಂಬುದು ತನ್ನ ಎದೆಯಿಂದ ಹೋಗುತ್ತಿಲ್ಲ ಎಂದರು. ಗಾಡಿ ನಿಂತಾಗ ಗಂಡ ಹೆದರಿರಲಿಲ್ಲ. ಹೆಂಡತಿಯನ್ನು ಇಳಿಸಿ ಕಳಿಸುವಾಗ ನಗುತ್ತಲೇ ಇದ್ದರು.

"ನೀ ಆಚಿ ಹೋಯಿ ನಿಲ್ಲ್, ನಾ ಇದನ್ನ್ ದಾಂಟ್ಸ್ಕಂಡ್ ಬತ್ತೆ ಅಂದ್ರ್. ಕಡೀಗೆ ಗ್ಲಾಸ್ ಒಳ್ಗಿಂದ ಕೈ ಮಾಡ್ರ್. ನಾನೂ ಕೈ ಮಾಡ್ದೆ."

ಮುಂಬಯಿಯ ಮಗ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಪ್ರತಿ ಸಲವೂ ಅಪ್ಪಯ್ಯ ಬುದ್ಧಿ ಇಲ್ಲದ ಕೆಲಸ ಮಾಡಿದರು ಎನ್ನುತ್ತಿದ್ದ. ದುಃಖದಲ್ಲಿ ಹೇಳುತ್ತಾನೆ, ಆದರೂ ಕೇಳಲಾಗುವುದಿಲ್ಲ ಎಂದರು.

ಆಗ ನಾನು ಹೇಳಿದೆ. ಅವರ ಗಂಡ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಆ ಕಲ್ಲುಕೋರೆಯ ಆಟ, ಚಾ ಕುಡಿಯುವಾಗ ಹೇಳದೆ ಬಿಟ್ಟದ್ದು, ಎಲ್ಲವನ್ನೂ. ನನ್ನ ಜೀಪು ಹೇಗಿತ್ತು, ಈ ಗಾಡಿ ಹೇಗೆ ಎಂಬುದನ್ನು ಶರಬತ್ತಿನ ಲೋಟವನ್ನು ಆಚೆ ಸರಿಸಿ, ಮೇಜಿನ ಮೇಲೆ ಬೆರಳಿನಿಂದ ತೋರಿಸಿದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

"ಹಿಂದಿನ್ ಗಾಲಿ ಎಳೂದಿಲ್ಲ ಅಂದ್ಹೇಳಿ ನಿಮ್ಗ್ ಆಗ್ಳೇ ಗೊತ್ತಿತ್ತಾ?"

"ಗೊತ್ತಿತ್ತ್."

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೊರಡುವುದೋ ಕೂರುವುದೋ ತಿಳಿಯದೆ ನಾನು ಮಾಲೆ ಹಾಕಿದ ಫೋಟೋದ ಎದುರಿಗೆ ಕೂತಿದ್ದೆ. ಅದು ಬೇರೆಯಲ್ಲ, ನಾವು ಗಾಡಿ ಕೊಟ್ಟ ದಿನ ತೆಗೆದದ್ದೇ. ನನ್ನನ್ನು ಕತ್ತರಿಸಿ ತೆಗೆದಿದ್ದರು. ಅವರ ಬಲಗೈ ಚೌಕಟ್ಟಿನ ಹೊರಗೆ ಹೋಗಿತ್ತು. ಅದು ಎಲ್ಲಿದೆ ಎಂದು ನನಗೆ ಮಾತ್ರ ಗೊತ್ತಿತ್ತು.

ಅವರು ಪೆನ್ನು ತಂದರು. ನೋಟುಬುಕ್ಕಿನ ಆ ಪುಟ ಬಿಡಿಸಿ ನನ್ನ ಎದುರಿಗಿಟ್ಟರು.

"ಇದ್ರ ಕೆಳ್ಗ್ ಈಗ ಹೇಳ್ದದ್ದನ್ನ್ ನಿಮ್ಮ್ ಕೈಯಾರೆ ಬರೀನಿ," ಅಂದರು. "ಮಗ ಬಂದಾಗ್ ತೋರ್ಸುಕ್ ಬೇಕ್. ಅವ್ರ್ ಸುಮ್ನೆ ಇಳ್ಸದ್ದಲ್ಲ ಅಂದ್ಹೇಳಿ ಅವ್ನಿಗ್ ಗೊತ್ತಾಯ್ಕ್."

ನಾನು ಬರೆದೆ. ಈ ಗಾಡಿ ಹೊಳೆ ದಾಟುವುದಿಲ್ಲ, ದಾಟುತ್ತದೆಂದು ಹೇಳಿದವನು ನಾನು, ಸುಳ್ಳೆಂದು ನನಗೆ ಗೊತ್ತಿತ್ತು. ಕೆಳಗೆ ಹೆಸರು ಹಾಕಿದೆ, ಫೋನ್ ನಂಬರು ಹಾಕಿದೆ. ಅವರು ಓದಿ, ಪುಸ್ತಕ ಮುಚ್ಚಿ, ಇನ್ನು ನೀವು ಹೊರಡಿ ಎಂದರು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಬಾಗಿಲಿನ ಚಿಲಕ ಹಾಕಿದ ಸದ್ದು ಕೇಳಿತು.

ಮಾರನೆಯ ದಿನ ಮ್ಯಾನೇಜರಿಗೆ ನಾನೇ ತಿಳಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಬರೆದುಕೊಡುವ ಮುಂಚೆ ಒಂದು ಮಾತು ಕೇಳಬಾರದಿತ್ತೇ ಎಂದರು. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ ಎಂದೆ. ಕೆಲಸದಿಂದ ತೆಗೆಯುತ್ತಾರೆಂದು ಎಣಿಸಿದ್ದೆ, ತೆಗೆಯಲಿಲ್ಲ. ಬ್ರಹ್ಮಾವರದಲ್ಲಿ ಅವರದೇ ಸರ್ವಿಸ್ ಸೆಂಟರಿದೆ, ಅಲ್ಲಿಗೆ ಹಾಕಿದರು. ಗಿರಾಕಿಗಳು ತಂದ ಗಾಡಿಯ ದೂರು ಬರೆದುಕೊಳ್ಳುವ ಕೆಲಸ. ಹೊರಡುವ ದಿನ ಗೋಡೆಯ ಫೋಟೋ ತೆಗೆದು ಶರ್ಟಿನ ಕಿಸೆಯಲ್ಲಿಟ್ಟುಕೊಂಡು ಬಂದೆ. ಅದು ಈಗಲೂ ನಮ್ಮ ಮನೆಯ ಕಪಾಟಿನಲ್ಲಿದೆ.

ಮಗನ ಫೋನು ಬಂದದ್ದು ಒಂದು ತಿಂಗಳ ಮೇಲೆ, ಕೆಲಸದ ನಡುವೆ. ಮುಂಬಯಿ ಕಡೆಯ ಕನ್ನಡ, ಮೆಲ್ಲಗಿನ ಧ್ವನಿ. ಪೊಲೀಸರಿಗೆ ದೂರು ಕೊಡುತ್ತೇನೆಂದು ಹೇಳಬಹುದೆಂದು ಕಾದೆ. ನಾನು ಅದಕ್ಕೆ ತಯಾರಾಗಿದ್ದೆ, ಒಂದು ರೀತಿಯಲ್ಲಿ ಅದೇ ಬೇಕಿತ್ತು. ಅವನು ಬೇರೇನೂ ಕೇಳಲಿಲ್ಲ. ಅಪ್ಪಯ್ಯ ಅಂದು ಯಾವ ಮಾತಿನಲ್ಲಿ ಕೇಳಿದರೋ ಹಾಗೆಯೇ ಹೇಳಿ ಎಂದ. ನಾನು ಆ ಮಾತನ್ನು ಅವರು ಹೇಳಿದ ಹಾಗೆಯೇ ಹೇಳಿದೆ. ನನ್ನ ಉತ್ತರವನ್ನೂ ಹೇಳಿದೆ. ಆಚೆ ಹೋಟೆಲಿನ ಪಾತ್ರೆಗಳ ಸದ್ದು, ಯಾರೋ ಆರ್ಡರು ಕೂಗುವ ಸದ್ದು ಕೇಳುತ್ತಿತ್ತು.

"ಹಾಂಗಾರೆ ಅಪ್ಪಯ್ಯ ಕೇಂಡಿದ್ರ್, ಕೇಳ್ದೆ ಇಳ್ಸದ್ದಲ್ಲ," ಅಂದ. ಫೋನ್ ಇಟ್ಟ. ಮತ್ತೆ ಮಾಡಲಿಲ್ಲ.

ಆ ಗಾಡಿಯನ್ನು ವಿಮೆಯವರು ತೆಗೆದುಕೊಂಡು ಯಾರಿಗೋ ಮಾರಿದರು. ಗುಜರಿಗೆ ಹೋಗಿರಬೇಕು ಎಂದುಕೊಂಡಿದ್ದೆ. ಕಳೆದ ಚೈತ್ರದಲ್ಲಿ ಸಾಲಿಗ್ರಾಮದ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ಬೈಕಿಗೆ ಪೆಟ್ರೋಲು ಹಾಕಿಸಲು ನಿಂತಿದ್ದೆ. ಮುಂದೆ ಹಸಿರು ಗಾಡಿ. ಬಣ್ಣ ಹೊಸತಾಗಿ ಹೊಡೆದಿದ್ದರು, ಒಡೆದ ಗಾಜು ಬದಲಾಗಿತ್ತು. ನಂಬರು ಅದೇ. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ವೈಪರುಗಳು ಸುಮ್ಮನೆ ಮಲಗಿದ್ದವು. ನಾನು ಅವುಗಳನ್ನೇ ನೋಡುತ್ತಿದ್ದೆ.

ಗಾಡಿಯವರು ಮೂವತ್ತರ ಆಸುಪಾಸಿನವರು, ಖುಷಿಯ ಮನುಷ್ಯ. ನಾನು ನೋಡುವುದನ್ನು ಕಂಡು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಆದರೂ ಗಟ್ಟಿ ಗಾಡಿ, ಹಳೇ ಮಿಲಿಟರಿ ಕಂಪನಿಯದ್ದಲ್ಲವಾ, ಎಲ್ಲಿಗೆ ಬೇಕಾದರೂ ಹೋಗುತ್ತದಂತೆ ಎಂದರು. ಅದರೊಳಗೆ ಏನಾಗಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಮಗುವಿನ ಕಡೆ ನೋಡಿದೆ. ಆ ಹೆಂಗಸಿನ ಎದುರಿಗೆ ಅದನ್ನು ಹೇಳಲು ನನ್ನಿಂದಾಗಲಿಲ್ಲ.

"ಹೊಳಿಗ್ ಮಾತ್ರ ಇಳ್ಸ್ಬೇಡಿ," ಅಂದೆ. "ಇದ್ರ ಹಿಂದಿನ್ ಗಾಲಿ ಎಳೂದಿಲ್ಲ. ನಾ ಇದನ್ನ್ ಮಾರ್ದವ."

ಅವರ ನಗು ನಿಂತಿತು. ಎಂತ ಆಯ್ತು ಎಂದು ಕೇಳುವ ಹಾಗೆ ಬಾಯಿ ತೆರೆದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಅವರು ಹತ್ತಿ ಕೂತು, ಕಿಟಕಿಯಿಂದ ನನ್ನನ್ನೊಮ್ಮೆ ನೋಡಿ, ಗಾಡಿಯನ್ನು ಹೆದ್ದಾರಿಗೆ ಇಳಿಸಿ ಬಡಗು ದಿಕ್ಕಿಗೆ ಹೋದರು. ನಾನು ಬೈಕನ್ನು ಬದಿಗೆ ತಳ್ಳಿ ನಿಲ್ಲಿಸಿ, ಅದು ಕಣ್ಮರೆಯಾಗುವವರೆಗೆ ನಿಂತೆ. ಅವರ ಊರು ಯಾವುದೆಂದು, ಊರಿನ ದಾರಿಯಲ್ಲಿ ಹೊಳೆ ಇದೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.